ಕೆಲಸಕ್ಕೆ ಕಳಿಸಲೇ, ಇನ್ನೂ ಕಾಯಲೇ?

ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಕಾಯಿಲೆ), ಬೈಪೋಲಾರ್‌ನಂಥ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ, ಒಮ್ಮೆ ಅತಿಯಾಗಿ ಕುಗ್ಗುವ ಕಾಯಿಲೆ) ತೀವ್ರ ಮಾನಸಿಕ ಕಾಯಿಲೆ ಇರುವವರೂ ಎಲ್ಲರ ಹಾಗೆ ಸಂಬಳದ ಕೆಲಸ ಮಾಡಬಲ್ಲರು ಎಂದು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಅರ್ಧಕ್ಕರ್ಧ ಅಮ್ಮಂದಿರವು. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆ ಬಂದವರು ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವವಳು. ಈ ವೃತ್ತಿಗೆ ಬಂದು 22 ವರ್ಷವಾಯಿತು. ಅದರಲ್ಲಿ ಕಡೆಯ 14 ವರ್ಷ ಮಾಡಿದ್ದು ಇದೊಂದೇ: ಕಾಯಿಲೆ ಇರುವವರ ಜೊತೆ ಕೆಲಸ ಹುಡುಕಿಕೊಂಡು ತಿರುಗುವುದು, ಸಿಕ್ಕ ಮೇಲೆ ಅವರ ಬೆನ್ನಿಗೆ ನಿಲ್ಲುವುದು. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 27 ವರ್ಷ. ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಸ್ಕಿಜೋಫ್ರೇನಿಯಾ ಅಂದರು. ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದೆವು. ಈಗ ಎರಡು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ. ಧ್ವನಿಗಳು ಪೂರ್ತಿ ನಿಂತಿಲ್ಲ, ಮೊದಲಿನ ಹಾಗೆ ಕಾಡುವುದಿಲ್ಲ ಅಂತಾನೆ. ದಿನಾ ಬೆಳಗಾದರೆ 'ಅಮ್ಮಾ, ನಾನು ಕೆಲಸಕ್ಕೆ ಹೋಗ್ತೀನಿ' ಅನ್ನುತ್ತಾನೆ. 'ಮೊದಲು ಪೂರ್ತಿ ಹುಷಾರಾಗಪ್ಪ' ಅಂತ ನಾವು ತಡೆಯುತ್ತಿದ್ದೇವೆ. ಕೆಲಸದ ಒತ್ತಡಕ್ಕೆ ಕಾಯಿಲೆ ಮತ್ತೆ ಕೆರಳಿದರೆ? ಆ ದಿನಗಳನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಉತ್ತರ: ಅಮ್ಮಾ, ಕಳಿಸಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆದರೆ ಒಬ್ಬನನ್ನೇ ಕಳಿಸಬೇಡಿ, ಜೊತೆಗೆ ಒಬ್ಬರು ಬೇಕು.

'ಮೊದಲು ಪೂರ್ತಿ ಹುಷಾರಾಗು' ಎನ್ನುವ ಮಾತನ್ನು ನಾನೂ ವರ್ಷಗಟ್ಟಲೆ ಹೇಳಿದವಳು. ವೃತ್ತಿಯ ಮೊದಲ ಎಂಟು ವರ್ಷ ಒಂದು ತರಬೇತಿ ಕೇಂದ್ರದಲ್ಲಿದ್ದೆ. ಕಾಯಿಲೆಯಿಂದ ಚೇತರಿಸಿಕೊಂಡವರು ಅಲ್ಲಿಗೆ ಬಂದು ಕಾಗದದ ಲಕೋಟೆ ಮಡಚುತ್ತಿದ್ದರು. ಶಿಸ್ತು ಬರಲಿ, ಏಕಾಗ್ರತೆ ಬರಲಿ, ಆಮೇಲೆ ಹೊರಗೆ ಕೆಲಸ ನೋಡೋಣ ಎನ್ನುವುದು ನಮ್ಮ ಲೆಕ್ಕ. ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದ ಒಬ್ಬರು ಅಲ್ಲಿದ್ದರು. ಅವರು ಮಡಚಿದ ಲಕೋಟೆಯ ಅಂಚು ಒಂದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ಎಲ್ಲರ ಪ್ರಗತಿ ಪತ್ರ ಬರೆಯುವುದು ನನ್ನ ಪಾಲಿನ ಕೆಲಸ. ಅವರ ಪತ್ರದಲ್ಲಿ ಪ್ರತಿ ಸಲವೂ 'ಹೊರಗಿನ ಕೆಲಸಕ್ಕೆ ಇನ್ನೂ ಸಿದ್ಧರಿಲ್ಲ' ಎಂದು ಬರೆಯುತ್ತಿದ್ದೆ. ಒಂದು ಸಲ ಅವರು ಅದನ್ನು ಇಸಿದುಕೊಂಡು ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ನನ್ನ ಎರಡು ಕಾಗುಣಿತದ ತಪ್ಪು ತಿದ್ದಿ, ಅಂಚಿನಲ್ಲಿ ಪ್ರೂಫ್ ಗುರುತು ಹಾಕಿ ವಾಪಸು ಕೊಟ್ಟರು. ಒಂದು ಮಾತೂ ಆಡಲಿಲ್ಲ. ಆರು ವರ್ಷ ಲಕೋಟೆ ಮಡಚಿದರು ಅವರು. ಅವರಿಗೆ ಬರುತ್ತಿದ್ದ ಕೆಲಸವನ್ನು ಅವರಿಗಾಗಿ ನಾವು ಒಂದು ದಿನವೂ ಹುಡುಕಲಿಲ್ಲ. ಆ ಕೆಂಪು ಗುರುತು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ 'ಮೊದಲು ತರಬೇತಿ, ಆಮೇಲೆ ಕೆಲಸ' ಎನ್ನುವ ಕ್ರಮವನ್ನು ತಲೆಕೆಳಗು ಮಾಡಿದವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದ ಮನೋವೈದ್ಯ ರಾಬರ್ಟ್ ಡ್ರೇಕ್ ಮತ್ತು ಅವರ ಜೊತೆಗಾರ್ತಿ ಡೆಬೊರಾ ಬೆಕರ್. 1990ರ ದಶಕದ ಮೊದಲ ವರ್ಷಗಳ ಮಾತು. ಅವರು ಇಟ್ಟ ಹೆಸರು ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್. ಒಬ್ಬೊಬ್ಬರಿಗೂ ಅವರಿಗೊಪ್ಪುವ ಕೆಲಸ, ಅವರಿಗೆ ತಕ್ಕ ಆಸರೆ ಎಂದು ಅರ್ಥ ಮಾಡಿಕೊಳ್ಳಿ. ಅಲ್ಲಿ ಸೇರಲು ಬೇಕಾದ ಅರ್ಹತೆ ಒಂದೇ: 'ನನಗೆ ಕೆಲಸ ಬೇಕು' ಎಂದು ಆ ವ್ಯಕ್ತಿ ಹೇಳಬೇಕು. ಧ್ವನಿ ಕೇಳಿಸುತ್ತದೆಯೇ, ಎಷ್ಟು ಸಲ ಆಸ್ಪತ್ರೆಗೆ ಸೇರಿದ್ದರು, ಹಿಂದೆ ಕೆಲಸ ಮಾಡಿದ್ದಾರೆಯೇ ಎಂದು ನೋಡಿ ಯಾರನ್ನೂ ಬಾಗಿಲಲ್ಲೇ ತಡೆಯುವುದಿಲ್ಲ. ಸೇರಿದ 30 ದಿನದೊಳಗೆ ಯಾರಾದರೊಬ್ಬ ಮಾಲೀಕರನ್ನು ಮುಖತಃ ಭೇಟಿ ಮಾಡಿರಬೇಕು. ಸಿಗುವ ಕೆಲಸ ಎಲ್ಲರೂ ಅರ್ಜಿ ಹಾಕಬಹುದಾದ, ಎಲ್ಲರಿಗೂ ಕೊಡುವಷ್ಟೇ ಸಂಬಳ ಕೊಡುವ ಕೆಲಸವಾಗಿರಬೇಕು. ಕಲಿಯುವುದೇನಿದ್ದರೂ ಕೆಲಸದ ಜಾಗದಲ್ಲೇ ಕಲಿಯಬೇಕು. ಈ ಪದ್ಧತಿಯ ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ 1996ರಲ್ಲಿ ಬಂತು. ವಾಷಿಂಗ್ಟನ್ ನಗರದ ಬಡ ಬಡಾವಣೆಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲೂ ಹೆಚ್ಚು ಜನರಿಗೆ ಕೆಲಸ ಸಿಕ್ಕಿದ್ದು ಇದರಿಂದಲೇ.

ನಿಮ್ಮ ಭಯಕ್ಕೆ ನೇರ ಉತ್ತರ ಯುರೋಪಿನಿಂದ ಬಂದಿದೆ. ಲಂಡನ್, ಉಲ್ಮ್, ರಿಮಿನಿ, ಜ್ಯೂರಿಕ್, ಗ್ರೊನಿಂಗನ್, ಸೋಫಿಯಾ ಎಂಬ ಆರು ಊರುಗಳಲ್ಲಿ ತೀವ್ರ ಕಾಯಿಲೆ ಇದ್ದ 312 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಪದ್ಧತಿ, ಇನ್ನೊಂದಕ್ಕೆ ಆಯಾ ಊರಿನಲ್ಲಿದ್ದ ಒಳ್ಳೆಯ ತರಬೇತಿ ಕೇಂದ್ರ. 2007ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಗುಂಪಿನಲ್ಲಿ ಕೆಲಸಕ್ಕೆ ಸೇರಿದವರು ನೂರಕ್ಕೆ 55, ಎರಡನೆಯದರಲ್ಲಿ 28. ನಿಮಗೆ ಬೇಕಾದ ಅಂಕಿ ಇದಲ್ಲ, ಮುಂದಿನದು. ಮತ್ತೆ ಆಸ್ಪತ್ರೆ ಸೇರಬೇಕಾಗಿ ಬಂದವರು ತರಬೇತಿ ಗುಂಪಿನಲ್ಲಿ ನೂರಕ್ಕೆ 31, ಬೇಗ ಕೆಲಸ ಹುಡುಕಿದ ಗುಂಪಿನಲ್ಲಿ 20. ಕೆಲಸಕ್ಕೆ ಕಳಿಸಿದ್ದರಿಂದ ಕಾಯಿಲೆ ಕೆರಳಲಿಲ್ಲ ಅಮ್ಮಾ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. 55 ಅಂದರೆ 100 ಅಲ್ಲ. ಒಂದೇ ಒಂದು ದಿನ ಕೆಲಸ ಮಾಡಿದವರೂ ಆ ಲೆಕ್ಕದಲ್ಲಿದ್ದಾರೆ. ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕವರಲ್ಲಿ ಎಲ್ಲರಿಗೂ ಉಳಿಯುವುದಿಲ್ಲ. ಆದರೂ ಮನೆಯಲ್ಲಿ ಕೂತು ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ಕಾಯುವುದರಿಂದಲೂ ಮನುಷ್ಯ ಕುಗ್ಗುತ್ತಾನೆ, ಅದು ಹೊರಗೆ ಕಾಣುವುದಿಲ್ಲ ಅಷ್ಟೆ. ನನ್ನ ಅಣ್ಣನಿಗೂ ಇದೇ ಕಾಯಿಲೆ. ಸಿಕ್ಕವರೆಲ್ಲ ಕೇಳುವ ಮೊದಲ ಪ್ರಶ್ನೆ 'ಏನು ಕೆಲಸ ಮಾಡ್ಕೊಂಡಿದ್ದೀಯ?' ಅಲ್ಲವೇ? ಆ ಒಂದು ಪ್ರಶ್ನೆಗೆ ಹೆದರಿ ಅವನು ಜನರೆದುರು ಬರುವುದನ್ನೇ ಬಿಟ್ಟಿದ್ದ.

ಈಗ ನೀವು ಮಾಡಬೇಕಾದ್ದು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ 'ಇವನು ಕೆಲಸ ಮಾಡಬಹುದಾ?' ಎಂದು ಕೇಳಬೇಡಿ. 'ಇವನು ಕೆಲಸಕ್ಕೆ ಹೊರಟಿದ್ದಾನೆ, ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಂಡರೆ ಅನುಕೂಲ?' ಎಂದು ಕೇಳಿ. ರಾತ್ರಿಯ ಮಾತ್ರೆಯ ಮಂಪರು ಬೆಳಗ್ಗೆ ಹತ್ತರವರೆಗೂ ಬಿಡದಿದ್ದರೆ ಎಂಟು ಗಂಟೆಯ ಕೆಲಸ ಹಿಡಿದು ಪ್ರಯೋಜನವಿಲ್ಲ. ಹೊತ್ತು, ಪ್ರಮಾಣ ಬದಲಾಯಿಸುವುದು ಡಾಕ್ಟರೇ ಆಗಿರಲಿ, ನೀವಾಗಿಯೇ ಮಾಡಬೇಡಿ. ಹಿಂದೆರಡು ಸಲ ಕಾಯಿಲೆ ಹೆಚ್ಚಾಗುವ ಮುಂಚೆ ಮಗನಲ್ಲಿ ಏನೇನು ಬದಲಾಗಿತ್ತು, ನಿದ್ದೆಯೇ, ಸ್ನಾನವೇ, ಮಾತೇ ಎಂದು ಅವನ ಜೊತೆಯೇ ಕೂತು ಒಂದು ಹಾಳೆಯಲ್ಲಿ ಬರೆದಿಡಿ. ಅದು ಕಂಡರೆ ಯಾರಿಗೆ ಫೋನ್ ಮಾಡಬೇಕೆಂದೂ ಅದರಲ್ಲೇ ಇರಲಿ. ಇನ್ನು, ಯಾವ ಕೆಲಸ ಎಂದು ಅವನನ್ನೇ ಕೇಳಿ. ನಿಮ್ಮ ಕಣ್ಣಿಗೆ ಸುಲಭವಾಗಿ ಕಂಡದ್ದು ಅವನಿಗೆ ಸುಲಭ ಆಗಬೇಕೆಂದಿಲ್ಲ.

ಪ್ರಶ್ನೆ: ನನಗೆ ಬೈಪೋಲಾರ್ ಇದೆ. ವಯಸ್ಸು 34. ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮೂರು ವರ್ಷದಿಂದ ಕೆಲಸವಿಲ್ಲ. ಈಗ ಸಂದರ್ಶನಕ್ಕೆ ಹೋದರೆ ಆ ಮೂರು ವರ್ಷದ ಬಗ್ಗೆ ಕೇಳುತ್ತಾರೆ. ಕಾಯಿಲೆ ಹೇಳಿದರೆ ಕೆಲಸ ಕೊಡುವುದಿಲ್ಲ, ಹೇಳದಿದ್ದರೆ ಮುಂದೆ ಸಿಕ್ಕಿಬೀಳುತ್ತೇನೆ ಎನ್ನುವ ಹೆದರಿಕೆ. ಏನು ಮಾಡಲಿ?

ಉತ್ತರ: ಹೇಳುವುದು, ಬಿಡುವುದು ನಿಮ್ಮ ನಿರ್ಧಾರ. ನನ್ನದಲ್ಲ, ನಿಮ್ಮ ಡಾಕ್ಟರದ್ದೂ ಅಲ್ಲ, ಮನೆಯವರದ್ದೂ ಅಲ್ಲ. ನನ್ನ ಹತ್ತಿರ ಬರುವವರ ಮುಂದೆ ಒಂದು ಹಾಳೆಯ ನಡುವೆ ಗೆರೆ ಎಳೆದು ಇಡುತ್ತೇನೆ. ಹೇಳಿದರೆ ಸಿಗುವುದು ಒಂದು ಕಡೆ, ಕಳೆದುಕೊಳ್ಳುವುದು ಇನ್ನೊಂದು ಕಡೆ. ಹೇಳಿದರೆ ನಿಮ್ಮ ಉದ್ಯೋಗ ಸಹಾಯಕರು, ಅಂದರೆ ಈ ಪದ್ಧತಿಯಲ್ಲಿ ನಿಮ್ಮ ಜೊತೆ ಕೆಲಸ ಹುಡುಕಿ ಬೆನ್ನಿಗೆ ನಿಲ್ಲುವವರು, ನೇರವಾಗಿ ಮಾಲೀಕರ ಜೊತೆ ಮಾತಾಡಬಹುದು, ಡಾಕ್ಟರ ಭೇಟಿಗೆ ರಜೆ ಕೇಳುವುದು ಸಲೀಸು. ಹೇಳದಿದ್ದರೆ ಅವರು ತೆರೆಮರೆಯಲ್ಲೇ ಇದ್ದು ಸಂಜೆ ನಿಮ್ಮ ಜೊತೆ ಮಾತಾಡುತ್ತಾರೆ. ಎರಡೂ ದಾರಿಯಲ್ಲಿ ನಡೆದು ಕೆಲಸದಲ್ಲಿ ನೆಲೆನಿಂತವರನ್ನು ಕಂಡಿದ್ದೇನೆ.

ಹೇಳಬೇಕೆನಿಸಿದರೂ ಎಲ್ಲವನ್ನೂ ಹೇಳಬೇಕಿಲ್ಲ. ಕಾಯಿಲೆಯ ಹೆಸರು ಹೇಳಿದ ಕೂಡಲೇ ಎದುರಿಗಿದ್ದವರ ಕಣ್ಣಲ್ಲಿ ಎಲ್ಲೋ ನೋಡಿದ, ಯಾರೋ ಹೇಳಿದ ಚಿತ್ರ ಬಂದು ಕೂರುತ್ತದೆ. ಅದರ ಬದಲು ನಿಮಗೇನು ಬೇಕೋ ಅದನ್ನು ಹೇಳಿ. 'ಆರೋಗ್ಯದ ಕಾರಣಕ್ಕೆ ಕೆಲಸ ಬಿಡಬೇಕಾಯಿತು. ಚಿಕಿತ್ಸೆ ಪಡೆದಿದ್ದೇನೆ, ಈಗಲೂ ಪಡೆಯುತ್ತಿದ್ದೇನೆ, ಕೆಲಸ ಮಾಡಬಲ್ಲೆ. ತಿಂಗಳಿಗೊಂದು ಅರ್ಧ ದಿನ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ.' ಇದರಲ್ಲಿ ಸುಳ್ಳಿಲ್ಲ. ಕನ್ನಡಿ ಮುಂದೆ ಬೇಡ, ಇನ್ನೊಬ್ಬರ ಮುಂದೆ ಕೂತು ಹತ್ತು ಸಲ ಹೇಳಿ ಅಭ್ಯಾಸ ಮಾಡಿ. ಹನ್ನೊಂದನೆಯ ಸಲ ದನಿ ನಡುಗುವುದಿಲ್ಲ. ಆ ಮೂರು ವರ್ಷದಲ್ಲಿ ಮಾಡಿದ್ದೇನಾದರೂ ಇದ್ದರೆ, ಮನೆಯ ಲೆಕ್ಕ ನೋಡಿದ್ದು, ಯಾರಿಗೋ ಪಾಠ ಹೇಳಿಕೊಟ್ಟಿದ್ದು, ಅದನ್ನೂ ಸೇರಿಸಿ. ಕಾಗದದ ಮೇಲೆ ಲಿಖಿತವಾಗಿ ಆರೋಗ್ಯದ ಬಗ್ಗೆ ಕೇಳಿದರೆ ಮಾತ್ರ ಅವಸರಕ್ಕೆ ಏನನ್ನೂ ತುಂಬಬೇಡಿ. ಆ ಬಗ್ಗೆ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ. ತಿಳಿದವರನ್ನು ಕೇಳಿಕೊಂಡು ಬರೆಯಿರಿ.

ಮತ್ತೊಂದು. ಬೈಪೋಲಾರ್ ಇರುವವರಿಗೆ ನಿದ್ದೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ವರ್ಷದ ಲೆಕ್ಕ ಮುಗಿಸುವ ದಿನಗಳಲ್ಲಿ ರಾತ್ರಿಯೆಲ್ಲ ಕೂರಿಸುವ ಕಚೇರಿಯೋ ಅಲ್ಲವೋ ಎಂದು ಸೇರುವ ಮುಂಚೆಯೇ ವಿಚಾರಿಸಿ. ಹೆಚ್ಚು ಸಂಬಳವಿದ್ದರೂ ಅಂಥ ಕಡೆ ಹೋಗಬೇಡಿ ಎಂದೇ ನಾನು ಹೇಳುವುದು.

ಪ್ರಶ್ನೆ: ನನ್ನ ತಮ್ಮನಿಗೆ ಕಷ್ಟಪಟ್ಟು ಕೆಲಸ ಕೊಡಿಸುತ್ತೇವೆ, ಮೂರೇ ವಾರಕ್ಕೆ ಬಿಟ್ಟು ಬರುತ್ತಾನೆ. ಇದು ಮೂರನೆಯ ಸಲ. 'ಇವನ ಕೈಲಿ ಆಗಲ್ಲ, ಬಿಟ್ಟುಬಿಡೇ' ಅಂತ ಅಪ್ಪ ಹೇಳುತ್ತಿದ್ದಾರೆ. ನನಗೂ ಸಾಕಾಗಿದೆ.

ಉತ್ತರ: ಸಾಕಾಗುವುದು ಸಹಜ ತಾಯಿ. ಆದರೆ ಒಂದು ಕೇಳುತ್ತೇನೆ: ಆ ಮೂರೂ ಸಲ, ಕೆಲಸಕ್ಕೆ ಸೇರಿದ ಎರಡನೆಯ ದಿನ ಅವನ ಹತ್ತಿರ ಯಾರು ಹೋಗಿದ್ದರು?

ಕೆಲಸ ಕೊಡಿಸಿದರೆ ಮುಗಿಯಿತು ಎಂದುಕೊಳ್ಳುವಲ್ಲೇ ನಾವೆಲ್ಲ ಎಡವುವುದು. ಮೊದಲ ಉತ್ತರದಲ್ಲಿ ಹೇಳಿದ ಆ ಪದ್ಧತಿಯ ಸೇವೆ ಸರಿಯಾಗಿ ನಡೆಯುತ್ತಿದೆಯೇ ಎಂದು ಅಳೆಯಲು 25 ಅಂಶಗಳ ಒಂದು ಅಳತೆಪಟ್ಟಿ ಇದೆ. ಕೆಲಸ ಶುರುವಾಗುವ ಹಿಂದಿನ ವಾರದಲ್ಲಿ ಒಂದು ಭೇಟಿ, ಶುರುವಾದ ಮೂರು ದಿನದೊಳಗೆ ಇನ್ನೊಂದು, ಮೊದಲ ತಿಂಗಳು ವಾರಕ್ಕೊಂದು, ಆಮೇಲೆ ಒಂದು ವರ್ಷವಾದರೂ ತಿಂಗಳಿಗೊಂದು ಭೇಟಿ ಎಂದು ಅದರಲ್ಲಿ ಹೇಳಿದೆ. ಒಬ್ಬ ಸಹಾಯಕರ ಕೈಯಲ್ಲಿ 20 ಜನಕ್ಕಿಂತ ಹೆಚ್ಚಿರಬಾರದು ಎನ್ನುವುದೂ ಇದಕ್ಕೇ. 60 ಜನರನ್ನು ಹೊರಿಸಿದರೆ ಎರಡನೆಯ ದಿನ ಯಾರ ಹತ್ತಿರವೂ ಹೋಗಲಾಗುವುದಿಲ್ಲ.

ಬಿಟ್ಟು ಬಂದ ಕೆಲಸವೂ ಏನಾದರೊಂದು ತಿಳಿಸಿ ಹೋಗುತ್ತದೆ. ನನ್ನ ಜೊತೆಗಿದ್ದ ಒಬ್ಬ ಹುಡುಗ ಎರಡು ಕಚೇರಿ ಬಿಟ್ಟ. ಎರಡೂ ಸಲ 'ಹುಷಾರಿಲ್ಲ' ಎಂದಷ್ಟೇ ಹೇಳಿದ. ಬೈಯದೆ, ಅವಸರ ಮಾಡದೆ, ಇಬ್ಬರೂ ನಡೆದುಕೊಂಡು ಹೋಗುತ್ತಾ ಒಂದೊಂದು ದಿನವನ್ನೂ ಬಿಡಿಸಿ ಕೇಳಿದೆ. ಬೆಳಗ್ಗೆ ಸರಿಯಿರುತ್ತಿತ್ತು. ಮಧ್ಯಾಹ್ನ ಎಲ್ಲರೂ ತಲೆ ತಗ್ಗಿಸಿ ಕೆಲಸಕ್ಕೆ ಕೂತು ಕೋಣೆ ನಿಶ್ಶಬ್ದವಾದಾಗ ಅವನ ಧ್ವನಿಗಳು ಜೋರಾಗುತ್ತಿದ್ದವು. ಪಕ್ಕದವರು ಪಿಸುಗುಟ್ಟಿದರೆ ತನ್ನ ಬಗ್ಗೆಯೇ ಎನಿಸುತ್ತಿತ್ತು. ಮಾನಸಿಕ ಕಾಯಿಲೆ ಇರುವವರಿಗೆ ಶಾಂತವಾದ ಜಾಗ ಒಳ್ಳೆಯದು ಎಂದು ಅವೆರಡು ಕಚೇರಿಗಳನ್ನು ಆರಿಸಿದ್ದು ನಾನೇ! ಮೂರನೆಯ ಸಲ ಅವನೇ ಹೇಳಿದ: 'ಮೇಡಂ, ಸದ್ದಿರೋ ಕಡೆ ನೋಡೋಣ.' ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಸಿಕ್ಕಿತು. ಮೊದಲ ದಿನ ನಾನೂ ಜೊತೆಗೆ ಹೋದೆ. ಆಳೆತ್ತರದ ಡ್ರಮ್ಮುಗಳು ಗುಡುಗುಡು ತಿರುಗುತ್ತಿದ್ದವು. ಬಿಸಿಬಿಸಿ ಚಾದರ ಹೊರಗೆ ಬಂದ ಕೂಡಲೇ ಇಬ್ಬರು ನಾಲ್ಕು ಮೂಲೆ ಹಿಡಿದು, ಹತ್ತಿರ ಬಂದು, ಮೂಲೆ ಕೂಡಿಸಿ, ಮತ್ತೆ ದೂರ ಸರಿದು ಮಡಚಬೇಕು. ಮಾತೇ ಬೇಕಿಲ್ಲ, ಆಡಿದರೂ ಕೇಳಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಅವನ ಹೆಜ್ಜೆ ಎದುರಿನವರ ಹೆಜ್ಜೆಗೆ ಕೂಡಿಕೊಂಡಿತು. ಸಂಜೆ ಹೊರಗೆ ಬಂದವನು 'ಮಷೀನ್ ಸದ್ದಲ್ಲಿ ಅವು ಮುಳುಗಿಹೋಗ್ತವೆ' ಅಂದ. ಈಗ ಐದನೆಯ ವರ್ಷ.

ಆದ್ದರಿಂದ ತಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವ ಮುಂಚೆ ಆ ಮೂರು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾವ ಹೊತ್ತಿನಲ್ಲಿ ಕಷ್ಟವಾಯಿತು, ಯಾರ ಜೊತೆ, ಸದ್ದಿಗೋ ಮೌನಕ್ಕೋ, ಅಥವಾ ಮೊದಲ ಸಂಬಳ ಬರುವ ಮೊದಲೇ ಮನೆಯವರು ಮುಂದಿನದನ್ನೆಲ್ಲ ಲೆಕ್ಕ ಹಾಕಿದ್ದಕ್ಕೋ. ಅಪ್ಪನಿಗೆ ನನ್ನ ಕಡೆಯಿಂದ ಹೇಳಿ: ಕಾಯಿಲೆ ಇಲ್ಲದ ಹುಡುಗರೂ ತಮಗೊಪ್ಪುವ ಕೆಲಸ ಸಿಗುವವರೆಗೆ ಎರಡು ಮೂರು ಕಡೆ ಬಿಟ್ಟು ಬರುತ್ತಾರೆ. ಅವರಿಗೆ ಯಾರೂ 'ನಿನ್ನ ಕೈಲಿ ಆಗಲ್ಲ' ಅನ್ನುವುದಿಲ್ಲ.

ಪ್ರಶ್ನೆ: ಸರ್ಕಾರದಿಂದ ಬರುವ ಮಾಸಾಶನ ಕೆಲಸಕ್ಕೆ ಸೇರಿದರೆ ನಿಂತುಹೋಗುತ್ತದಂತೆ. ಹಾಗಾದರೆ ಸೇರುವುದೇ ಬೇಡವೇ?

ಉತ್ತರ: ಆ ಮಾತನ್ನು ಹೇಳಿದವರು ಯಾರು ಎಂದು ಮೊದಲು ನೋಡಿ. ಪಕ್ಕದ ಮನೆಯವರಾದರೆ ನಂಬಬೇಡಿ. ಎಷ್ಟು ಗಳಿಸಿದರೆ ಎಷ್ಟು ಕಡಿತ, ಕೆಲಸ ಹೋದರೆ ಮತ್ತೆ ಸಿಗುತ್ತದೆಯೇ ಎನ್ನುವ ನಿಯಮವನ್ನು ಸಂಬಂಧಪಟ್ಟ ಕಚೇರಿಯಿಂದಲೇ ಬರಹದಲ್ಲಿ ಪಡೆದುಕೊಳ್ಳಿ. ಕೆಲಸ ಹಿಡಿಯುವ ಮುಂಚೆಯೇ ಈ ಲೆಕ್ಕವನ್ನು ಕೂತು ಮಾಡಿಕೊಡುವುದೂ ಈ ಸೇವೆಯದೇ ಒಂದು ಭಾಗ. ಎಷ್ಟೋ ಜನ ಗಾಳಿಮಾತಿಗೆ ಹೆದರಿ ಹಿಂದೆ ಸರಿದಿದ್ದಾರೆ.

ಪ್ರಶ್ನೆ: ನನ್ನದೊಂದು ಸಣ್ಣ ಸಂಸ್ಥೆ, 18 ಜನ ಇದ್ದಾರೆ. ಅವರಲ್ಲೊಬ್ಬರು ತಮಗೆ ಸ್ಕಿಜೋಫ್ರೇನಿಯಾ ಇದೆ ಎಂದು ನನ್ನೊಬ್ಬನಿಗೇ ಹೇಳಿದ್ದಾರೆ. ಕೆಲಸ ಚೆನ್ನಾಗಿದೆ. ನಾನೇನಾದರೂ ತಪ್ಪು ಮಾಡಿ ಅವರಿಗೆ ತೊಂದರೆ ಕೊಡುತ್ತೇನೋ ಎಂದು ಭಯ.

ಉತ್ತರ: ಇಂಥ ಪತ್ರ ನನಗೆ ಅಪರೂಪಕ್ಕೆ ಬರುತ್ತದೆ. ಓದಿ ತುಂಬ ಖುಷಿಯಾಯಿತು. ಅವರು ನಿಮ್ಮನ್ನು ನಂಬಿ ಹೇಳಿದ್ದಾರೆ, ಆ ಮಾತು ನಿಮ್ಮಲ್ಲೇ ಉಳಿಯಲಿ. ಮನೆಯಲ್ಲಿ ಹೆಂಡತಿಯ ಹತ್ತಿರವೂ ಬೇಡ.

'ನಿಮಗೆ ಯಾವುದು ಅನುಕೂಲ?' ಎಂದು ಒಂದು ಸಲ ಕೇಳಿ. ಬಾಯಲ್ಲಿ ಹೇಳಿದ ಐದು ಕೆಲಸ ಮರೆತುಹೋಗುತ್ತದೆ, ಬರೆದುಕೊಟ್ಟರೆ ಅಷ್ಟೂ ಆಗುತ್ತದೆ ಎನ್ನಬಹುದು. ಬಾಗಿಲಿಗೆ ಬೆನ್ನು ಹಾಕಿ ಕೂರಲು ಕಷ್ಟ ಎನ್ನಬಹುದು. ಮಾತ್ರೆಯಿಂದ ಬಾಯಿ ಒಣಗುತ್ತದೆ, ನೀರಿನ ಬಾಟಲಿ ಮೇಜಿನ ಮೇಲಿಟ್ಟುಕೊಳ್ಳಬೇಕು ಎನ್ನಬಹುದು. ಇವಕ್ಕೆಲ್ಲ ದುಡ್ಡು ಬೇಡ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೆಯ ವಿಧಿಯಲ್ಲಿ ಕೆಲಸದ ಹಕ್ಕಿನ ಜೊತೆಗೇ ಇಂಥ ಹೊಂದಾಣಿಕೆಯ ಮಾತೂ ಇದೆ. ಮನಸ್ಸಿನ ದೀರ್ಘಕಾಲದ ಕಾಯಿಲೆಗಳೂ ಆ ಒಡಂಬಡಿಕೆಯೊಳಗೆ ಬರುತ್ತವೆ. ಕೆಲಸದಲ್ಲಿ ತಪ್ಪಾದರೆ ಎಲ್ಲರಿಗೂ ಹೇಳುವ ಹಾಗೆ ಅವರಿಗೂ ಹೇಳಿ, ಒಬ್ಬರೇ ಇದ್ದಾಗ, ನೇರವಾಗಿ. ಸುತ್ತಿ ಬಳಸಿ ಹೇಳಿದರೆ, ಇಲ್ಲವೇ ಹೇಳದೆ ನುಂಗಿಕೊಂಡರೆ ಅವರಿಗೆ ಅನುಮಾನ ಹುಟ್ಟುತ್ತದೆ. ಪ್ರತಿ ಬೆಳಗ್ಗೆ 'ಹೇಗಿದ್ದೀರಿ, ಮಾತ್ರೆ ತಗೊಂಡ್ರಾ?' ಎಂದು ಮಾತ್ರ ಕೇಳಬೇಡಿ. ಅವರು ನಿಮ್ಮಲ್ಲಿಗೆ ಬರುವುದು ಕೆಲಸಕ್ಕೆ.

ಪ್ರಶ್ನೆ: ನಾವಿರುವ ಕಡೆ ಇಂಥ ಸೇವೆ ಇಲ್ಲವೇ ಇಲ್ಲ. ನನ್ನ ಗಂಡನಿಗೆ ಕೆಲಸ ಮಾಡುವ ಆಸೆ ಇದೆ. ನಾನೇ ಆ ಸಹಾಯಕಿ ಆಗಬಹುದೇ?

ಉತ್ತರ: ಆಗದಿದ್ದರೆ ಒಳ್ಳೆಯದು, ಅಕ್ಕಾ. ಈಗಾಗಲೇ ನೀವು ಹೆಂಡತಿ, ದಾದಿ, ಮಾತ್ರೆ ಕಾಯುವವರು. ಇನ್ನು ಮೇಸ್ತ್ರಿಯೂ ಆದರೆ ಅವರಿಗೆ ಮನೆಯಲ್ಲಿ ಹೆಂಡತಿಯೇ ಉಳಿಯುವುದಿಲ್ಲ. ಮನೆಯ ಹೊರಗಿನವರೊಬ್ಬರನ್ನು ಹುಡುಕಿ. ಚಿಕಿತ್ಸೆ ಪಡೆಯುವ ಕಡೆ ಸಮಾಜ ಕಾರ್ಯಕರ್ತರಿದ್ದರೆ ಅವರನ್ನೇ ಮೊದಲು ಕೇಳಿ. ಡಾಕ್ಟರೂ ಸಹಾಯಕರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವಂತಿದ್ದರೆ ಅರ್ಧ ಕೆಲಸ ಆದ ಹಾಗೆ. ಅವರಿಲ್ಲದಿದ್ದರೆ ನಿವೃತ್ತರಾದ ಮೇಷ್ಟ್ರೋ, ಅಂಗಡಿ ನಡೆಸಿ ನಾಲ್ಕು ಜನರ ಪರಿಚಯ ಇರುವವರೋ ಆಗಬಹುದು. ಮನಶ್ಶಾಸ್ತ್ರ ಓದಿರಬೇಕೆಂದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುವ ತಾಳ್ಮೆ ಇರಬೇಕು, ಗುಟ್ಟು ಉಳಿಸಿಕೊಳ್ಳುವವರಾಗಿರಬೇಕು. ಈ ಪದ್ಧತಿಯ ಸಹಾಯಕರು ವಾರಕ್ಕೆ ಆರು ಮಾಲೀಕರನ್ನಾದರೂ ಮುಖತಃ ಕಾಣಬೇಕು. ಮೊದಲ ಭೇಟಿಯಲ್ಲಿ ಕೆಲಸ ಕೇಳುವುದೇ ಇಲ್ಲ. 'ನಿಮ್ಮಲ್ಲಿ ಯಾವ ಕೆಲಸ ಸರಿಯಾಗಿ ಆಗದೆ ಉಳಿಯುತ್ತದೆ, ಎಂಥವರು ಸಿಕ್ಕರೆ ಅನುಕೂಲ?' ಎಂದು ಕೇಳಿ, ಕೇಳಿಸಿಕೊಂಡು ಬರುತ್ತಾರೆ. ಕೆಲಸದ ಮಾತು ಎರಡನೆಯ ಇಲ್ಲವೇ ಮೂರನೆಯ ಭೇಟಿಯಲ್ಲಿ.

ಈ ವಾರ ನೀವು ಒಂದು ಮಾಡಿ. ನಿಮ್ಮವರು ಕಾಯಿಲೆ ಬರುವ ಮುಂಚೆ ಏನು ಮಾಡುತ್ತಿದ್ದರು, ಈಗ ಏನು ಮಾಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ, ದಿನಕ್ಕೆ ಎಷ್ಟು ಗಂಟೆ ಆದೀತು ಎಂದು ಅವರ ಬಾಯಿಂದಲೇ ಹೇಳಿಸಿ, ಅವರ ಕೈಯಲ್ಲೇ ಬರೆಸಿ ನನಗೆ ಕಳಿಸಿ. ಕಾಗುಣಿತದ ತಪ್ಪಿದ್ದರೂ ಪರವಾಗಿಲ್ಲ. ಸಹಾಯಕರು ಸಿಕ್ಕ ಮೇಲೆ ಅವರ ಕೈಗೆ ಮೊದಲು ಕೊಡಬೇಕಾದ್ದು ಆ ಹಾಳೆಯೇ, ಆಸ್ಪತ್ರೆಯ ಫೈಲು ಆಮೇಲೆ.